ಟ್ರಕ್ಕಿಗೆ ಹೆಚ್ಚುವರಿ ಫ್ಯೂಸ್ ಮತ್ತು ರಿಲೇ ಪೆಟ್ಟಿಗೆ: ನಾಲ್ಕು ಬಗೆಗಳಲ್ಲಿ ಯಾವುದನ್ನು ಆರಿಸಬೇಕು?

ಎರಡು ಸ್ಪಾಟ್ ಲೈಟು, ಹಿಂಬದಿಗೆ ಕೆಲಸದ ದೀಪಗಳು, ಕ್ಯಾಬಿನ್ನಿಗೊಂದು ಸಣ್ಣ ಫ್ರಿಜ್, ಒಂದು ರೇಡಿಯೋ, ಟೈರಿಗೆ ಗಾಳಿ ತುಂಬಲು ಒಂದು ಕಂಪ್ರೆಸರ್ ಎಂದು ಟ್ರಕ್ಕಿಗೆ ಒಂದೊಂದಾಗಿ ಉಪಕರಣಗಳನ್ನು ಸೇರಿಸುತ್ತ ಹೋದರೆ ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ ಕೆಲವೇ ದಿನಗಳಲ್ಲಿ ಗುರುತು ಸಿಗದಂತಾಗುತ್ತದೆ. ಒಂದೇ ಬೋಲ್ಟಿನ ಕೆಳಗೆ, ವೈರಿನ ತುದಿಗೆ ಒತ್ತಿದ ಲೋಹದ ಉಂಗುರಗಳಾದ ಐದಾರು ಲಗ್‌ಗಳು ಕೂತಿರುತ್ತವೆ, ಕೆಲವು ವೈರುಗಳಿಗೆ ಫ್ಯೂಸ್ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ, ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದು ಹಾಕಿದವರಿಗೇ ನೆನಪಿರುವುದಿಲ್ಲ. ತಯಾರಕರು ಕೊಟ್ಟ ಫ್ಯೂಸ್ ಪೆಟ್ಟಿಗೆಯಲ್ಲಿ ಖಾಲಿ ಜಾಗ ಕಂಡರೂ ಅದರ ಹಿಂದೆ ಟರ್ಮಿನಲ್ ಇಲ್ಲದಿರುವುದೇ ಹೆಚ್ಚು. ಇದ್ದರೂ ಅದಕ್ಕೆ ಬರುವ ವೈರು ಹೊಸ ಹೊರೆಯನ್ನು ಲೆಕ್ಕಹಾಕಿ ಎಳೆದದ್ದಲ್ಲ. ಹೀಗಾಗಿ ಬ್ಯಾಟರಿಯಿಂದ ಒಂದೇ ಒಂದು ದಪ್ಪ ವೈರನ್ನು ತಂದು, ಅದನ್ನು ಬೇರೆಯದೇ ಆದ ಒಂದು ಪೆಟ್ಟಿಗೆಯಲ್ಲಿ ಹಂಚುವುದು ಸರಿಯಾದ ದಾರಿ. ಆ ಪೆಟ್ಟಿಗೆ ಯಾವ ಬಗೆಯದಾಗಿರಬೇಕು ಎಂಬುದು ಈ ಬರಹದ ವಿಷಯ.

ಹೆಚ್ಚಿನವರು ಈ ಆಯ್ಕೆಯನ್ನು ಜಾಗಗಳ ಎಣಿಕೆಯಿಂದ ಆರಂಭಿಸುತ್ತಾರೆ: ಆರು ಫ್ಯೂಸ್ ಸಾಕೇ, ಹತ್ತು ಬೇಕೇ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಎಷ್ಟು. ನಾನೂ ಹಾಗೆಯೇ ಆರಂಭಿಸಿದ್ದೆ. ಈಗ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಈ ಪೆಟ್ಟಿಗೆಗೆ ವೈರು ಸೇರುವ ತುದಿಯನ್ನು ನನ್ನ ಕೈಯಲ್ಲಿರುವ ಉಪಕರಣದಿಂದ ಸರಿಯಾಗಿ ಮಾಡಬಲ್ಲೆನೇ?

ಈ ಪ್ರಶ್ನೆ ಹುಟ್ಟಿದ್ದು ಒಂದು ಸುಟ್ಟ ವಾಸನೆಯಿಂದ. ನಾನು ಮೊದಲ ಬಾರಿ ಕೂರಿಸಿದ ಪೆಟ್ಟಿಗೆಯಲ್ಲಿ ಕಂಪ್ರೆಸರಿನ ವೈರಿಗೆ 40 ಆಂಪಿಯರ್ ಫ್ಯೂಸ್ ಹಾಕಿದ್ದೆ. ಕಂಪ್ರೆಸರ್ ಎಳೆಯುತ್ತಿದ್ದದ್ದು ಸುಮಾರು 30 ಆಂಪಿಯರ್. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ರಿಲೇ ಸಾಕೆಟ್ಟಿನ ಟರ್ಮಿನಲ್ಲನ್ನು ಸಾಮಾನ್ಯ ಇಕ್ಕಳದಿಂದ ಒತ್ತಿ ಕೂರಿಸಿದ್ದೆ. ಮೂರನೇ ಟೈರಿಗೆ ಗಾಳಿ ತುಂಬುವ ಹೊತ್ತಿಗೆ ಪ್ಲಾಸ್ಟಿಕ್ ಕಾದ ವಾಸನೆ ಬಂತು. ಮುಚ್ಚಳ ತೆಗೆದರೆ ಸಾಕೆಟ್ಟಿನ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು, ವೈರಿನ ಹೊದಿಕೆ ಅರ್ಧ ಅಂಗುಲದಷ್ಟು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಫ್ಯೂಸ್ ಮಾತ್ರ ಹೊಸದರಂತೆ ಇತ್ತು. ಅದು ಹಾಗಿದ್ದದ್ದು ಸಹಜ. ಫ್ಯೂಸ್ ನೋಡುವುದು ಹರಿಯುವ ಕರೆಂಟನ್ನು; ಸಡಿಲ ಜೋಡಣೆಯಲ್ಲಿ ಕರೆಂಟು ಹೆಚ್ಚುವುದಿಲ್ಲ, ಶಾಖ ಮಾತ್ರ ಹೆಚ್ಚುತ್ತದೆ. ಜೋಡಣೆಯ ರೋಧ 0.02 ಓಮ್ ಇದ್ದರೂ ಸಾಕು, 30 ಆಂಪಿಯರ್ ಹರಿದಾಗ ಅಲ್ಲಿ 18 ವ್ಯಾಟ್ ಶಾಖ ಹುಟ್ಟುತ್ತದೆ. ಕಡಲೆಕಾಳಿನಷ್ಟು ಜಾಗದಲ್ಲಿ 18 ವ್ಯಾಟ್ ಎಂದರೆ ಬೆಸುಗೆ ಹಾಕುವ ಸಣ್ಣ ಕಬ್ಬಿಣವನ್ನು ಪೆಟ್ಟಿಗೆಯೊಳಗೆ ಇಟ್ಟಂತೆ. ಎಷ್ಟು ಒಳ್ಳೆಯ ಫ್ಯೂಸ್ ಹಾಕಿದರೂ ಈ ದೋಷವನ್ನು ಅದು ಕಾಣಲಾರದು. ಆದ್ದರಿಂದ ಕೆಳಗಿನ ಹೋಲಿಕೆಯಲ್ಲಿ ನಾನು ಮತ್ತೆ ಮತ್ತೆ ವೈರಿನ ತುದಿಗೇ ಹಿಂದಿರುಗುತ್ತೇನೆ.

ಮೊದಲ ಬಗೆ: ಪ್ರತಿ ಉಪಕರಣಕ್ಕೂ ಬಿಡಿ ಹಾರ್ನೆಸ್

ಸ್ಪಾಟ್ ಲೈಟುಗಳ ಜೊತೆಗೆ ಹಲವು ಬಾರಿ ಸಿದ್ಧ ಹಾರ್ನೆಸ್ ಒಂದು ಬರುತ್ತದೆ: ಬ್ಯಾಟರಿಯ ಹತ್ತಿರ ಒಂದು ಫ್ಯೂಸ್ ಹೋಲ್ಡರ್, ಮುಂದೆ ಒಂದು ರಿಲೇ, ಕ್ಯಾಬಿನ್ನಿಗೆ ಹೋಗುವ ಒಂದು ಸ್ವಿಚ್ ವೈರು. ಸೇರಿಸಬೇಕಾದದ್ದು ಒಂದು ಅಥವಾ ಎರಡೇ ಉಪಕರಣವಾದರೆ ಇದರಲ್ಲಿ ತಪ್ಪೇನಿಲ್ಲ. ಪೆಟ್ಟಿಗೆ ಕಟ್ಟುವ ಶ್ರಮವೂ ಬೇಕಿಲ್ಲ. ಅದರ ತುದಿಗಳನ್ನು ಕಾರ್ಖಾನೆಯಲ್ಲೇ ಒತ್ತಿರುವುದರಿಂದ ಹೊಸಬರ ಕೈಯ ಕ್ರಿಂಪಿಗಿಂತ, ಅಂದರೆ ಒತ್ತಿ ಕೂರಿಸಿದ ತುದಿಗಿಂತ, ಅವು ಎಷ್ಟೋ ಮೇಲು. ಪರೀಕ್ಷಿಸಬೇಕಾದದ್ದು ವೈರಿನ ನಿಜವಾದ ದಪ್ಪವನ್ನು. ದಪ್ಪ ಹೊದಿಕೆಯೊಳಗೆ ತೆಳು ತಾಮ್ರ, ಅಥವಾ ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ಇರುವ ಹಾರ್ನೆಸ್‌ಗಳು ಸಾಕಷ್ಟಿವೆ. ಒಂದು ತುದಿಯಲ್ಲಿ ಎಳೆಗಳನ್ನು ಚಾಕುವಿನಿಂದ ಕೆರೆದಾಗ ಬೆಳ್ಳಗೆ ಹೊಳೆದರೆ ಅದು ತವರದ ಲೇಪನವೂ ಇರಬಹುದು, ಅಲ್ಯೂಮಿನಿಯಂ ಕೂಡ ಇರಬಹುದು. ಎಳೆಯನ್ನು ಕತ್ತರಿಸಿ ಅದರ ನಡುಭಾಗ ಕೆಂಪಗಿದೆಯೇ ನೋಡಿದರೆ ತಿಳಿಯುತ್ತದೆ. ಮೂರನೆಯ ಉಪಕರಣ ಬರುವುದು ಖಚಿತವೆಂದಿದ್ದರೆ ಈ ದಾರಿಯನ್ನು ಬಿಡಬೇಕು, ಏಕೆಂದರೆ ಮೊದಲ ಪ್ಯಾರಾದಲ್ಲಿ ಹೇಳಿದ ಟರ್ಮಿನಲ್ಲಿನ ಗೋಜಲು ಇಲ್ಲಿಂದಲೇ ಆರಂಭವಾಗುತ್ತದೆ.

ಎರಡನೇ ಬಗೆ: ಫ್ಯೂಸ್ ಬ್ಲಾಕ್, ಪಕ್ಕದಲ್ಲಿ ರಿಲೇ ಸಾಕೆಟ್ಟುಗಳ ಸಾಲು

ಸ್ಕ್ರೂ ಅಥವಾ ಸ್ಟಡ್ ಇರುವ ಒಂದು ಬ್ಲೇಡ್ ಫ್ಯೂಸ್ ಬ್ಲಾಕನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುವ ರಿಲೇ ಸಾಕೆಟ್ಟುಗಳನ್ನೂ ಒಂದು ಅಲ್ಯೂಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ ಹಲಗೆಯ ಮೇಲೆ ಕೂರಿಸುವುದು ಅತ್ಯಂತ ಬಳಕೆಯಲ್ಲಿರುವ ಕ್ರಮ. ಇದರ ದೊಡ್ಡ ಗುಣವೆಂದರೆ ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ರಸ್ತೆ ಬದಿಯಲ್ಲಿ ನಿಂತು ಸ್ಕ್ರೂಡ್ರೈವರ್ ಮತ್ತು ಒಂದು ಟೆಸ್ಟ್ ಲ್ಯಾಂಪ್ ಇಟ್ಟುಕೊಂಡು ದೋಷ ಹುಡುಕಬಹುದು, ಒಂದು ಸಾಕೆಟ್ ಹಾಳಾದರೆ ಅದೊಂದನ್ನೇ ಬದಲಿಸಬಹುದು. ಸಾಮಾನ್ಯ ಗಾತ್ರದ ಬ್ಲೇಡ್ ಫ್ಯೂಸ್‌ಗಳು ಎಲ್ಲೆಡೆ ಸಿಗುತ್ತವೆ. ಅವುಗಳ ಬಣ್ಣವೂ ಎಲ್ಲೆಡೆ ಒಂದೇ: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು.

ಇದರ ಕೊರತೆ ಜೋಡಣೆಗಳ ಸಂಖ್ಯೆಯಲ್ಲಿದೆ. ಫ್ಯೂಸಿನಿಂದ ಹೊರಟ ಕರೆಂಟು ಒಂದು ತುಂಡು ವೈರಿನ ಮೂಲಕ ರಿಲೇಯ 30ನೇ ಟರ್ಮಿನಲ್ಲಿಗೆ (ರಿಲೇಯ ಕಾಲುಗಳಿಗೆ ಇಂಥ ಗುರುತಿನ ಅಂಕಿಗಳಿರುತ್ತವೆ) ಹೋಗಿ, 87ನೆಯದರಿಂದ ಹೊರಬಂದು ಉಪಕರಣಕ್ಕೆ ಸಾಗಬೇಕು. ಅಂದರೆ ಪ್ರತಿ ಉಪಕರಣಕ್ಕೂ ಫ್ಯೂಸಿನಿಂದ ರಿಲೇವರೆಗಿನ ಎರಡು ತುದಿಗಳು ಹೆಚ್ಚುವರಿಯಾಗಿ ಬಂದವು. ಐದು ಉಪಕರಣಗಳಿಗೆ ಹತ್ತು. ಸ್ಕ್ರೂ ಕೆಳಗಿನ ಉಂಗುರದ ಲಗ್‌ಗಳು ಟ್ರಕ್ಕಿನ ನಡುಕಕ್ಕೆ ಸಡಿಲವಾಗುತ್ತವೆ, ಹೀಗಾಗಿ ಸ್ಪ್ರಿಂಗ್ ವಾಷರ್ ಇಲ್ಲದ ಬ್ಲಾಕನ್ನು ನಾನು ಆರಿಸುವುದಿಲ್ಲ. ತೆರೆದ ಸಾಕೆಟ್ಟುಗಳು ನೀರಿಗೂ ಧೂಳಿಗೂ ತೆರೆದೇ ಇರುವುದರಿಂದ ಈ ಬಗೆಯ ಸರಿಯಾದ ಜಾಗ ಬಾನೆಟ್ ಕೆಳಗಲ್ಲ, ಕ್ಯಾಬಿನ್ನಿನ ಒಳಗೆ, ಸೀಟಿನ ಹಿಂದೆ ಅಥವಾ ಡ್ಯಾಶ್ ಕೆಳಗೆ. ಹೊರಗೇ ಇಡಬೇಕಾಗಿ ಬಂದರೆ ರಿಲೇಗಳ ಕಾಲುಗಳು ಕೆಳಮುಖವಾಗಿರುವಂತೆ ಕೂರಿಸಿ. ಆಗ ನೀರು ವೈರಿನ ಗುಂಟ ಇಳಿದು ಹೋಗುತ್ತದೆ, ಸಾಕೆಟ್ಟಿನೊಳಗೆ ನಿಲ್ಲುವುದಿಲ್ಲ.

ಇಲ್ಲಿ ಐದು ಕಾಲಿನ ರಿಲೇ ಬಳಸುವವರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. 85 ಮತ್ತು 86 ಕಾಯಿಲಿನವು (ರಿಲೇಯ ಸ್ವಿಚ್ಚನ್ನು ಎಳೆಯುವ ತಂತಿ ಸುರುಳಿ), 30 ಒಳಬರುವ ಕರೆಂಟಿನದು, 87 ಹೊರಹೋಗುವುದು ಎಂಬುದು ಎಲ್ಲರಿಗೂ ತಿಳಿದಿದೆ. ಐದನೆಯ ಕಾಲಾದ 87ಎ ರಿಲೇ ಸುಮ್ಮನಿದ್ದಾಗ 30ಕ್ಕೆ ಅಂಟಿಕೊಂಡೇ ಇರುತ್ತದೆ. ಅಂದರೆ ಸ್ವಿಚ್ ಆಫ್ ಇದ್ದಾಗಲೂ ಅಲ್ಲಿ ಬ್ಯಾಟರಿಯ ಪೂರ್ಣ ವೋಲ್ಟೇಜು ಇದೆ. ಸಿದ್ಧ ಸಾಕೆಟ್ಟುಗಳಲ್ಲಿ ಬರುವ ಐದನೆಯ ವೈರನ್ನು ಬೇಡವೆಂದು ಕತ್ತರಿಸಿ ಹಾಗೆಯೇ ಬಿಟ್ಟರೆ ಆ ತುದಿ ಷಾಸಿಗೆ ತಾಗಿದ ಕ್ಷಣ ಶಾರ್ಟ್ ಆಗುತ್ತದೆ. ಬೇಡವಾದರೆ ಟರ್ಮಿನಲ್ಲನ್ನೇ ಸಾಕೆಟ್ಟಿನಿಂದ ಹೊರತೆಗೆಯಿರಿ, ಇಲ್ಲವೇ ನಾಲ್ಕು ಕಾಲಿನ ರಿಲೇಯನ್ನೇ ತನ್ನಿ.

ಮೂರನೇ ಬಗೆ: ಫ್ಯೂಸ್ ಮತ್ತು ರಿಲೇ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿ

ತಯಾರಕರ ಪೆಟ್ಟಿಗೆಯಂತೆಯೇ ಕಾಣುವ, ಮೇಲೆ ಮುಚ್ಚಳ, ಕೆಳಗಿನಿಂದ ರಬ್ಬರ್ ಸೀಲಿನೊಡನೆ ವೈರು ಒಳಹೋಗುವ ಪೆಟ್ಟಿಗೆಗಳು ಇವು. ಹತ್ತು ಮಿನಿ ಫ್ಯೂಸ್, ಐದು ಮೈಕ್ರೋ ರಿಲೇ ಹಿಡಿಯುವ ಗಾತ್ರ ಬಹಳ ಪ್ರಚಲಿತ. ಐಪಿ66 ಅಥವಾ ಐಪಿ67 ದರ್ಜೆಯದಾದರೆ ಧೂಳು ಒಳಹೋಗುವುದಿಲ್ಲ, ನೀರಿನ ಬಲವಾದ ಸಿಂಪಡಿಕೆಯನ್ನೋ ಅಲ್ಪಕಾಲದ ಮುಳುಗಡೆಯನ್ನೋ ಅದು ತಡೆದುಕೊಳ್ಳುತ್ತದೆ. ಹೀಗಾಗಿ ಬಾನೆಟ್ ಕೆಳಗೋ ಷಾಸಿಯ ಮೇಲೋ ಇಡಬಹುದು. ಆದರೆ ಈ ದರ್ಜೆ ಪ್ರತಿಯೊಂದು ರಂಧ್ರದಲ್ಲೂ ಸೀಲ್ ಅಥವಾ ಮುಚ್ಚುಬಿರಟೆ ಇದ್ದಾಗ ಮಾತ್ರ ನಿಜ. ಬಳಸದ ನಾಲ್ಕು ರಂಧ್ರಗಳನ್ನು ತೆರೆದುಬಿಟ್ಟ ಪೆಟ್ಟಿಗೆಯಲ್ಲಿ ನೀರು ಒಳಬರುತ್ತದೆ ಮತ್ತು ಹೊರಹೋಗದೆ ಅಲ್ಲೇ ನಿಲ್ಲುತ್ತದೆ, ಅದು ತೆರೆದ ಪೆಟ್ಟಿಗೆಗಿಂತಲೂ ಕೆಟ್ಟದ್ದು.

ನನ್ನ ಮನಸ್ಸು ಒಲಿಯುವುದು ಈ ಬಗೆಗೇ, ಆದರೆ ಒಂದು ಷರತ್ತಿನ ಮೇಲೆ. ಇದರ ಟರ್ಮಿನಲ್‌ಗಳು ಬಾಯ್ತೆರೆದ ಬಗೆಯವು. ತಾಮ್ರದ ಎಳೆಗಳನ್ನು ಹಿಡಿಯಲು ಒಂದು ಜೊತೆ ರೆಕ್ಕೆ, ವೈರಿನ ಹೊದಿಕೆಯನ್ನೋ ಸೀಲನ್ನೋ ಹಿಡಿಯಲು ಇನ್ನೊಂದು ಜೊತೆ ರೆಕ್ಕೆ ಇರುತ್ತವೆ. ಸರಿಯಾದ ಕ್ರಿಂಪರ್ ಮೊದಲ ಜೊತೆಯ ರೆಕ್ಕೆಗಳನ್ನು ಒಳಕ್ಕೆ ಮಡಚಿ, ಅವುಗಳ ತುದಿಗಳು ಎಳೆಗಳ ನಡುವೆ ಇಳಿಯುವಂತೆ ಒತ್ತುತ್ತದೆ. ಅಡ್ಡವಾಗಿ ನೋಡಿದರೆ ಎರಡು ಗುಬಟುಗಳ ಆಕಾರ ಕಾಣುತ್ತದೆ. ಎಳೆಗಳು ರೆಕ್ಕೆಗಳನ್ನು ದಾಟಿ ಕೂದಲೆಳೆಯಷ್ಟು ಮುಂದಕ್ಕೆ ಕಾಣಬೇಕು, ಹಿಂದಿನ ಅಂಚು ತುತ್ತೂರಿಯ ಬಾಯಂತೆ ಸ್ವಲ್ಪ ಅರಳಿರಬೇಕು, ಇಲ್ಲವಾದರೆ ಆ ಅಂಚೇ ಎಳೆಗಳನ್ನು ಕತ್ತರಿಸುತ್ತದೆ. ಪ್ರತಿ ಟರ್ಮಿನಲ್ಲಿಗೂ ಇಂತಿಷ್ಟರಿಂದ ಇಂತಿಷ್ಟು ಚದರ ಮಿಲಿಮೀಟರ್ ಎಂಬ ವೈರಿನ ವ್ಯಾಪ್ತಿ ಇರುತ್ತದೆ. 1 ಚದರ ಮಿ.ಮೀ. ವೈರನ್ನು 3 ಚದರ ಮಿ.ಮೀ. ಟರ್ಮಿನಲ್ಲಿನಲ್ಲಿ ಎಷ್ಟು ಒತ್ತಿದರೂ ಅದು ಹಿಡಿಯುವುದಿಲ್ಲ. ಈ ಕ್ರಿಂಪರನ್ನು ತರಲು ಸಿದ್ಧರಿದ್ದರೆ, ಹಾಳಾದರೆ ಹಾಳಾಗಲಿ ಎಂದು ಹತ್ತಿಪ್ಪತ್ತು ಟರ್ಮಿನಲ್‌ಗಳ ಮೇಲೆ ಕೈ ಪಳಗಿಸಿಕೊಳ್ಳಲು ತಾಳ್ಮೆ ಇದ್ದರೆ ಈ ಪೆಟ್ಟಿಗೆಯನ್ನು ಕಣ್ಣು ಮುಚ್ಚಿ ಆರಿಸಬಹುದು. ಇಲ್ಲವಾದರೆ ಎರಡನೆಯ ಬಗೆಯೇ ಮೇಲು, ಏಕೆಂದರೆ ಉಂಗುರದ ಲಗ್ಗನ್ನು ಸಾಧಾರಣ ಕ್ರಿಂಪರಿನಿಂದಲೂ ಗಟ್ಟಿಯಾಗಿ ಒತ್ತಬಹುದು.

ಕ್ರಿಂಪ್ ಮೇಲೆ ಬೆಸುಗೆಯನ್ನೂ ಹಾಕಿದರೆ ಇನ್ನೂ ಗಟ್ಟಿಯಲ್ಲವೇ ಎಂದು ಕೇಳುವವರಿದ್ದಾರೆ. ಬೆಸುಗೆಯ ತವರ ಎಳೆಗಳ ಗುಂಟ ಹೊದಿಕೆಯೊಳಗೆ ಏರಿ, ಬಳುಕುವ ವೈರನ್ನು ಕಡ್ಡಿಯಂತೆ ಸೆಟೆಸುತ್ತದೆ. ಟ್ರಕ್ಕಿನ ನಡುಕವೆಲ್ಲ ಆ ಸೆಟೆದ ಭಾಗ ಮುಗಿಯುವ ಬಿಂದುವಿನಲ್ಲೇ ಬೀಳುವುದರಿಂದ ವೈರು ಅಲ್ಲೇ, ಹೊದಿಕೆಯ ಮರೆಯಲ್ಲಿ, ತುಂಡಾಗುತ್ತದೆ. ಒಳ್ಳೆಯ ಕ್ರಿಂಪಿಗೆ ಬೆಸುಗೆ ಬೇಕಿಲ್ಲ.

ಈ ಬಗೆಗೆ ಇನ್ನೊಂದು ಮಿತಿ ಇದೆ. ಮಿನಿ ಫ್ಯೂಸ್ 30 ಆಂಪಿಯರಿಗೆ ಮುಗಿಯುತ್ತದೆ, ಮತ್ತು ಯಾವ ಫ್ಯೂಸನ್ನೂ ನಿರಂತರವಾಗಿ ಅದರ ಅಂಕಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ದುಡಿಸಬಾರದು. ಅಲ್ಲಿಗೆ ಒಂದು ಜಾಗದಿಂದ ನಂಬಿಕೆಯಿಂದ ಪಡೆಯಬಹುದಾದದ್ದು 20ರಿಂದ 22 ಆಂಪಿಯರ್. 30 ಆಂಪಿಯರಿನ ಕಂಪ್ರೆಸರನ್ನು ಇದರೊಳಗೆ ತುರುಕಬಾರದು. ಅದಕ್ಕೆ ಬೋಲ್ಟ್ ಹಾಕುವ ಮಿಡಿ ಫ್ಯೂಸ್ ಅಥವಾ ಮ್ಯಾಕ್ಸಿ ಫ್ಯೂಸ್, ಜೊತೆಗೆ 70 ಆಂಪಿಯರಿನ ಬೇರೆ ರಿಲೇ ಇರಲಿ. ನೂರಾರು ಆಂಪಿಯರ್ ಎಳೆಯುವ ವಿಂಚ್ ಇಲ್ಲಿ ಹೇಳಿದ ಯಾವ ಪೆಟ್ಟಿಗೆಯ ಹತ್ತಿರಕ್ಕೂ ಬರಕೂಡದು. ಕೊಳ್ಳುವ ಮುನ್ನ ಒಳಗಿನ ಬಸ್‌ಬಾರ್ (ಫ್ಯೂಸ್‌ಗಳಿಗೆ ಕರೆಂಟು ಹಂಚುವ ಲೋಹದ ಪಟ್ಟಿ) ನಕ್ಷೆಯನ್ನೂ ನೋಡಬೇಕು. ಹೊರನೋಟಕ್ಕೆ ಒಂದೇ ಥರ ಇರುವ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಎಲ್ಲ ಫ್ಯೂಸ್‌ಗಳಿಗೂ ಒಂದೇ ಬಸ್‌ಬಾರ್ ಇರುತ್ತದೆ, ಕೆಲವಕ್ಕೆ ಎರಡು ಭಾಗಗಳಿರುತ್ತವೆ, ಕೆಲವಕ್ಕೆ ಇರುವುದೇ ಇಲ್ಲ. ಎರಡು ಭಾಗಗಳಿರುವುದು ಹೆಚ್ಚು ಉಪಯುಕ್ತ: ಒಂದು ಭಾಗಕ್ಕೆ ಸದಾ ಕರೆಂಟು, ಇನ್ನೊಂದಕ್ಕೆ ಇಗ್ನಿಷನ್ ಆನ್ ಆದಾಗ ಮಾತ್ರ.

ಗುಜರಿಯಲ್ಲಿ ಸಿಗುವ ಹಳೆಯ ವಾಹನದ ಪೆಟ್ಟಿಗೆಯನ್ನು ಬಿಚ್ಚಿ ತಂದು ಬಳಸುವವರೂ ಇದ್ದಾರೆ. ಪೆಟ್ಟಿಗೆಯ ಗುಣಮಟ್ಟ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಆದರೆ ಒಳಗಿನ ಜೋಡಣೆ ಆ ವಾಹನದ ಅಗತ್ಯಕ್ಕೆ ತಕ್ಕಂತೆ ಹೆಣೆದದ್ದು; ಹೊಸ ಟರ್ಮಿನಲ್‌ಗಳು ಅದೇ ಅಳತೆಯವು ಸಿಗದಿದ್ದರೆ ಹಳೆಯ ವೈರಿಗೆ ಹೊಸ ವೈರನ್ನು ಗಂಟು ಹಾಕಬೇಕಾಗುತ್ತದೆ. ಅಲ್ಲಿಗೆ ನಾವು ತಪ್ಪಿಸಲು ಹೊರಟ ಕೆಟ್ಟ ಜೋಡಣೆಗಳೇ ಇಮ್ಮಡಿಯಾದವು.

ನಾಲ್ಕನೇ ಬಗೆ: ಎಲೆಕ್ಟ್ರಾನಿಕ್ ಪವರ್ ಮಾಡ್ಯೂಲ್

ಇದರಲ್ಲಿ ರಿಲೇಯೂ ಇಲ್ಲ, ಬಿಡಿ ಫ್ಯೂಸೂ ಇಲ್ಲ. ಪ್ರತಿ ಚಾನೆಲ್ಲಿನಲ್ಲೂ ಒಂದು ಟ್ರಾನ್ಸಿಸ್ಟರ್ ಸ್ವಿಚ್ ಕರೆಂಟನ್ನು ಅಳೆಯುತ್ತ, ಮಿತಿ ಮೀರಿದರೆ ತಾನೇ ಆಫ್ ಆಗುತ್ತದೆ. ಕ್ಯಾಬಿನ್ನಿನಲ್ಲಿ ಒಂದು ತೆಳು ಕೀಲಿಫಲಕ, ಅದರಿಂದ ಮಾಡ್ಯೂಲಿಗೆ ಒಂದೇ ಒಂದು ಕೇಬಲ್. ಜೋಡಣೆಗಳ ಸಂಖ್ಯೆಯನ್ನು ನೋಡಿದರೆ ನಾಲ್ಕರಲ್ಲಿ ಇದೇ ಅತಿ ಕಡಿಮೆ. ಕಾಂಟ್ಯಾಕ್ಟ್ ಸವೆಯುವ ಪ್ರಶ್ನೆಯೂ ಇಲ್ಲ. ಎಂಟು ಹತ್ತು ದೀಪಗಳಿರುವ, ದಿನಕ್ಕೆ ನೂರಾರು ಬಾರಿ ಆನ್ ಆಫ್ ಮಾಡುವ ಕೆಲಸದ ಟ್ರಕ್ಕಿಗೆ ಇದು ಒಪ್ಪುತ್ತದೆ.

ಆದರೂ ದೂರ ಪ್ರಯಾಣದ ಟ್ರಕ್ಕಿಗೆ ನಾನು ಇದನ್ನು ಮೊದಲು ಸೂಚಿಸುವುದಿಲ್ಲ. ರಿಲೇ ಕೆಟ್ಟರೆ ಪಕ್ಕದ ರಿಲೇಯನ್ನು ಕಿತ್ತು ಅಲ್ಲಿ ಹಾಕಿ ಮುಂದೆ ಸಾಗಬಹುದು. ಮಾಡ್ಯೂಲ್ ಕೆಟ್ಟರೆ ಅದರ ಮೇಲಿನ ಎಲ್ಲ ಉಪಕರಣಗಳೂ ಒಟ್ಟಿಗೇ ನಿಲ್ಲಬಹುದು, ಬಿಚ್ಚಿ ನೋಡಲು ಅಲ್ಲಿ ಏನೂ ಇಲ್ಲ. ಟ್ರಾನ್ಸಿಸ್ಟರ್ ಕೆಡುವಾಗ ಹಲವು ಬಾರಿ ಆನ್ ಸ್ಥಿತಿಯಲ್ಲೇ ಸಿಕ್ಕಿಬೀಳುತ್ತದೆ, ಆದ್ದರಿಂದ ಮಾಡ್ಯೂಲಿಗೆ ಬರುವ ಮುಖ್ಯ ವೈರಿಗೆ ನಿಜವಾದ ಫ್ಯೂಸ್ ಇರಲೇಬೇಕು. ಆಫ್ ಇದ್ದಾಗಲೂ ಸೋರುವ ಅತಿ ಸಣ್ಣ ಕರೆಂಟಿಗೆ ಕೆಲವು ಎಲ್‌ಇಡಿ ದೀಪಗಳು ರಾತ್ರಿ ಮಂಕಾಗಿ ಮಿಣುಕುವುದನ್ನೂ ನೋಡಿದ್ದೇನೆ. ಅದು ಅಪಾಯವಲ್ಲ, ಆದರೆ ಕಾರಣ ತಿಳಿಯದವರು ವೈರಿಂಗ್ ಪೂರ್ತಿ ಬಿಚ್ಚಿಬಿಡುತ್ತಾರೆ.

12 ವೋಲ್ಟೋ, 24 ವೋಲ್ಟೋ

ಪೆಟ್ಟಿಗೆ ಯಾವುದೇ ಇರಲಿ, ಟ್ರಕ್ಕಿನ ವೋಲ್ಟೇಜು ಕೆಲವು ಆಯ್ಕೆಗಳನ್ನು ತಾನೇ ತೀರ್ಮಾನಿಸುತ್ತದೆ. ಪಿಕಪ್ ಮತ್ತು ಹಗುರ ಟ್ರಕ್ಕುಗಳು 12 ವೋಲ್ಟಿನವು. ಭಾರೀ ಟ್ರಕ್ಕುಗಳಲ್ಲಿ, ಉತ್ತರ ಅಮೆರಿಕವನ್ನು ಬಿಟ್ಟರೆ, 24 ವೋಲ್ಟೇ ಹೆಚ್ಚು. ಬ್ಲೇಡ್ ಫ್ಯೂಸ್‌ಗಳು ಸಾಮಾನ್ಯವಾಗಿ 32 ವೋಲ್ಟಿನವರೆಗೆ ಸಲ್ಲುವುದರಿಂದ ಫ್ಯೂಸ್ ಬದಲಿಸಬೇಕಿಲ್ಲ, ರಿಲೇ ಬದಲಿಸಬೇಕು. 12 ವೋಲ್ಟಿನ ಕಾಯಿಲಿಗೆ 24 ವೋಲ್ಟ್ ಕೊಟ್ಟರೆ ಕರೆಂಟು ಎರಡು ಪಟ್ಟು, ಶಾಖ ನಾಲ್ಕು ಪಟ್ಟು. ರಿಲೇ ಕ್ಲಿಕ್ ಎಂದು ಕೆಲಸ ಮಾಡುತ್ತದೆ, ನಂತರ ಮುಚ್ಚಿದ ಪೆಟ್ಟಿಗೆಯೊಳಗೆ ಕರಗುತ್ತದೆ. ಕಾಂಟ್ಯಾಕ್ಟಿನ ಮಿತಿಯೂ ಬದಲಾಗುತ್ತದೆ. ಹೆಚ್ಚಿನ ವೋಲ್ಟೇಜಿನಲ್ಲಿ ಕಾಂಟ್ಯಾಕ್ಟ್ ಬಿಡುವಾಗ ಹೊಮ್ಮುವ ಕಿಡಿ ಬೇಗ ಆರದು, ಹೀಗಾಗಿ 12 ವೋಲ್ಟಿನಲ್ಲಿ 40 ಆಂಪಿಯರ್ ಎಂದಿರುವ ರಿಲೇಯ 24 ವೋಲ್ಟಿನ ಅವತರಣಿಕೆಗೆ ಹಲವು ಬಾರಿ 20 ಆಂಪಿಯರ್ ಎಂದೇ ಬರೆದಿರುತ್ತದೆ.

24 ವೋಲ್ಟಿನ ಟ್ರಕ್ಕಿನಲ್ಲಿ 12 ವೋಲ್ಟಿನ ರೇಡಿಯೋ ಅಥವಾ ಫ್ರಿಜ್ ಬಳಸಬೇಕಾದಾಗ ಎರಡು ಬ್ಯಾಟರಿಗಳ ನಡುವಿನ ಕೊಂಡಿಯಿಂದ ವೈರು ಎಳೆಯುವುದು ಸುಲಭವಾಗಿ ಕಾಣುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಬ್ಯಾಟರಿ ಮಾತ್ರ ಖಾಲಿಯಾಗುತ್ತ, ಆಲ್ಟರ್ನೇಟರ್ ಎರಡನ್ನೂ ಒಟ್ಟಿಗೆ ತುಂಬಿಸುವಾಗ ಅದು ಅರೆಹೊಟ್ಟೆಯಲ್ಲಿ ಉಳಿದು ಇನ್ನೊಂದು ಮಿತಿಮೀರಿ ಕುದಿಯುತ್ತದೆ. ಎರಡೂ ಬೇಗ ಸಾಯುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ, ಅದರ ಎರಡೂ ಬದಿಗೆ ಫ್ಯೂಸ್ ಇಡುವುದೇ ಸರಿ.

ರಿಲೇಗೆ ಸೂಚನೆ ಎಲ್ಲಿಂದ

ರಿಲೇಯ ಕಾಯಿಲ್ 12 ವೋಲ್ಟಿನಲ್ಲಿ ಎಳೆಯುವುದು ಸುಮಾರು 0.15ರಿಂದ 0.2 ಆಂಪಿಯರ್ ಮಾತ್ರ. ಆದ್ದರಿಂದ ಇಗ್ನಿಷನ್ ಜೊತೆ ಆನ್ ಆಗುವ ಯಾವುದಾದರೂ ಸಣ್ಣ ಫ್ಯೂಸ್ ಜಾಗಕ್ಕೆ ಎರಡು ಫ್ಯೂಸ್ ಹಿಡಿಯುವ ಟ್ಯಾಪ್ ಹಾಕಿ ಈ ಸೂಚನೆಯನ್ನು ಪಡೆಯಬಹುದು. ಮೂಲ ವೈರನ್ನು ಕತ್ತರಿಸುವುದೂ ಕೆರೆಯುವುದೂ ಬೇಕಿಲ್ಲ. ಏರ್‌ಬ್ಯಾಗ್, ಬ್ರೇಕು, ಎಂಜಿನ್ ನಿಯಂತ್ರಕಗಳ ಫ್ಯೂಸ್‌ಗಳನ್ನು ಮಾತ್ರ ಮುಟ್ಟಬಾರದು. ಒಮ್ಮೆ ಪರಿಚಿತರೊಬ್ಬರ ಹೊಸ ಟ್ರಕ್ಕಿನಲ್ಲಿ ರಿಲೇ ದುಂಬಿಯಂತೆ ಗುಂಯ್‌ಗುಡುತ್ತಿತ್ತು, ಸ್ಪಾಟ್ ಲೈಟು ಅದುರುತ್ತಿತ್ತು. ಅವರು ರಿಲೇಯನ್ನು ಮೂರು ಬಾರಿ ಬದಲಿಸಿದ್ದರು. ರಿಲೇಯಲ್ಲಿ ದೋಷವಿರಲಿಲ್ಲ, ಸೂಚನೆಯ ವೈರನ್ನು ಹಗಲು ದೀಪದಿಂದ ತೆಗೆದಿದ್ದರು. ಹೊಸ ವಾಹನಗಳಲ್ಲಿ ಆ ದೀಪಕ್ಕೆ ನಿಯಂತ್ರಕವು ಸೆಕೆಂಡಿಗೆ ನೂರಾರು ಬಾರಿ ಆನ್ ಆಫ್ ಮಾಡಿ ಕರೆಂಟು ಕೊಡುತ್ತದೆ, ಕಾಯಿಲ್ ಅದನ್ನೇ ಅನುಸರಿಸಲು ಹೋಗಿ ನಡುಗುತ್ತಿತ್ತು. ಸೂಚನೆಯನ್ನು ಸ್ಥಿರ ವೋಲ್ಟೇಜು ಇರುವ ಜಾಗದಿಂದ ಪಡೆದ ಮೇಲೆ ಸದ್ದು ನಿಂತಿತು.

ಕಾಯಿಲ್ ಆಫ್ ಆದಾಗ ಅದರಲ್ಲಿ ಹಿಮ್ಮುಖವಾಗಿ ನೂರಾರು ವೋಲ್ಟಿನ ಕ್ಷಣಿಕ ಅಲೆ ಏಳುತ್ತದೆ. ಹತ್ತಿರದ ಎಲೆಕ್ಟ್ರಾನಿಕ್ ಭಾಗಗಳಿಗೆ ಅದು ಒಳ್ಳೆಯದಲ್ಲ. ಒಳಗೇ ರೆಸಿಸ್ಟರ್ ಇರುವ ರಿಲೇಗಳನ್ನು ಆರಿಸಿದರೆ ಚಿಂತೆಯಿಲ್ಲ. ಡಯೋಡ್ ಇರುವವೂ ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆದರೆ ಅವುಗಳಲ್ಲಿ 85 ಮತ್ತು 86 ಅದಲುಬದಲಾದರೆ ಡಯೋಡ್ ಶಾರ್ಟ್ ಆಗುತ್ತದೆ. ರಿಲೇಯ ಮೈಮೇಲೆ ಚಿತ್ರಿಸಿದ ನಕ್ಷೆಯನ್ನೇ ನಂಬಿ.

ಮುಖ್ಯ ವೈರು ಮತ್ತು ಮುಖ್ಯ ಫ್ಯೂಸ್

ನಾಲ್ಕೂ ಬಗೆಗಳಲ್ಲಿ ಬದಲಾಗದ, ಆದರೆ ಹೆಚ್ಚು ಮಂದಿ ಮರೆಯುವ ಭಾಗ ಇದು. ಪೆಟ್ಟಿಗೆಯೊಳಗಿನ ಹತ್ತು ಫ್ಯೂಸ್‌ಗಳು ಪೆಟ್ಟಿಗೆಯಿಂದ ಮುಂದಿನ ವೈರುಗಳನ್ನು ಕಾಯುತ್ತವೆ. ಬ್ಯಾಟರಿಯಿಂದ ಪೆಟ್ಟಿಗೆಗೆ ಬರುವ ದಪ್ಪ ವೈರನ್ನು ಅವು ಕಾಯುವುದಿಲ್ಲ. ಆ ವೈರು ಎಲ್ಲೋ ಲೋಹದ ಅಂಚಿಗೆ ಉಜ್ಜಿ ಹೊದಿಕೆ ಹರಿದರೆ ಬ್ಯಾಟರಿಯ ಪೂರ್ಣ ಶಕ್ತಿ ಅದರ ಮೂಲಕ ಹರಿಯುತ್ತದೆ. ಅದಕ್ಕಾಗಿ ಮಿಡಿ ಅಥವಾ ಮೆಗಾ ಬಗೆಯ ಬೋಲ್ಟ್ ಫ್ಯೂಸ್ ಒಂದನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಇಡಬೇಕು. ದೋಣಿಗಳ ವೈರಿಂಗಿನಲ್ಲಿ ಪಾಲಿಸುವ ಸುಮಾರು 18 ಸೆಂಟಿಮೀಟರಿನ ನಿಯಮವನ್ನೇ ನಾನು ಟ್ರಕ್ಕಿಗೂ ಇಟ್ಟುಕೊಂಡಿದ್ದೇನೆ. ಫ್ಯೂಸ್ ಕಾಯುವುದು ಉಪಕರಣವನ್ನಲ್ಲ, ವೈರನ್ನು. ಆದ್ದರಿಂದ ಅದರ ಅಂಕಿ ವೈರು ತಾಳುವ ಮಿತಿಯೊಳಗೇ ಇರಬೇಕು.

ಲೆಕ್ಕದ ಒಂದು ಉದಾಹರಣೆ ನೋಡೋಣ. 12 ವೋಲ್ಟಿನ ಟ್ರಕ್ಕಿನಲ್ಲಿ 55 ವ್ಯಾಟಿನ ಎರಡು ಹ್ಯಾಲೋಜನ್ ದೀಪಗಳಿಗೆ ಸುಮಾರು 9 ಆಂಪಿಯರ್, 27 ವ್ಯಾಟಿನ ನಾಲ್ಕು ಎಲ್‌ಇಡಿ ಕೆಲಸದ ದೀಪಗಳಿಗೆ ಇನ್ನೊಂದು 9, ಫ್ರಿಜ್ಜಿಗೆ 5, ರೇಡಿಯೋಗೆ 8, ಮೊಬೈಲ್ ಚಾರ್ಜಿಂಗಿಗೆ 5. ಒಟ್ಟು 36 ಆಂಪಿಯರ್. ಕಂಪ್ರೆಸರ್ ಬೇರೆ ದಾರಿಯಲ್ಲಿದೆ ಎಂದುಕೊಳ್ಳಿ. 10 ಚದರ ಮಿ.ಮೀ. ತಾಮ್ರದ ವೈರಿನ ರೋಧ ಮೀಟರಿಗೆ ಸುಮಾರು 1.8 ಮಿಲಿಓಮ್. ಎರಡು ಮೀಟರ್ ವೈರಿನಲ್ಲಿ 36 ಆಂಪಿಯರ್ ಹರಿದರೆ 0.13 ವೋಲ್ಟ್ ಮಾತ್ರ ನಷ್ಟ. ಇದಕ್ಕೆ 60 ಆಂಪಿಯರಿನ ಮುಖ್ಯ ಫ್ಯೂಸ್ ಸರಿಹೊಂದುತ್ತದೆ, ಮುಂದೆ ಒಂದೆರಡು ಸಣ್ಣ ಉಪಕರಣಗಳಿಗೆ ಅವಕಾಶವೂ ಉಳಿಯುತ್ತದೆ. ಅದೇ ಜಾಗದಲ್ಲಿ 2.5 ಚದರ ಮಿ.ಮೀ. ವೈರು ಎಳೆದಿದ್ದರೆ ನಷ್ಟ ಅರ್ಧ ವೋಲ್ಟನ್ನು ಮೀರುತ್ತಿತ್ತು, ವೈರೂ ಬಿಸಿಯಾಗುತ್ತಿತ್ತು. ವೋಲ್ಟಿನ ನಷ್ಟ ಸಣ್ಣದೆಂದು ತಳ್ಳಿಹಾಕುವಂತಿಲ್ಲ: ಹ್ಯಾಲೋಜನ್ ದೀಪಕ್ಕೆ ನೂರಕ್ಕೆ 10ರಷ್ಟು ವೋಲ್ಟೇಜು ಕಡಿಮೆಯಾದರೆ ಬೆಳಕು ನೂರಕ್ಕೆ 30ರಷ್ಟು ಕುಸಿಯುತ್ತದೆ.

ಎಂಜಿನ್ನಿನ ಹತ್ತಿರ ಹೋಗುವ ವೈರಿಗೆ ಮನೆಯ ವೈರಿಂಗಿನ ಪಿವಿಸಿ ಹೊದಿಕೆ ಸಾಲದು. 125 ಡಿಗ್ರಿ ಸೆಲ್ಸಿಯಸ್ ತಾಳುವ ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್ ಹೊದಿಕೆಯ ವಾಹನದ ವೈರೇ ಬೇಕು. ಕ್ಯಾಬಿನ್ನಿನ ಗೋಡೆ ದಾಟುವಲ್ಲಿ ರಬ್ಬರ್ ಗ್ರಾಮೆಟ್, ಉದ್ದಕ್ಕೂ ಸುಕ್ಕು ಕೊಳವೆ, ಪ್ರತಿ ಗೇಣಿಗೊಂದು ಕ್ಲಿಪ್ ಇರಲಿ. ನೆಗೆಟಿವ್ ಬದಿಗೂ ಅಷ್ಟೇ ದಪ್ಪದ ವೈರು ಬೇಕು. ಷಾಸಿಯ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು ಬೋಲ್ಟ್ ಬಿಗಿದು, ಮೇಲೆ ತುಕ್ಕು ತಡೆಯುವ ಲೇಪನ ಹಚ್ಚಬೇಕು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿನ ಮೇಲೆ ಸಣ್ಣ ಸೆನ್ಸರ್ ಕೂತಿರುವ ಟ್ರಕ್ಕುಗಳಲ್ಲಿ ಹೊಸ ನೆಗೆಟಿವ್ ವೈರುಗಳನ್ನು ಟರ್ಮಿನಲ್ಲಿಗೆ ನೇರವಾಗಿ ಸೇರಿಸಬಾರದು, ಷಾಸಿಗೆ ಸೇರಿಸಬೇಕು. ಇಲ್ಲವಾದರೆ ಆ ಕರೆಂಟು ಸೆನ್ಸರಿನ ಲೆಕ್ಕಕ್ಕೆ ಸಿಗದೆ ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ. ಅಪಾಯಕಾರಿ ಸರಕು ಸಾಗಿಸುವ ಟ್ರಕ್ಕಿನಲ್ಲಿ ಈ ಕೆಲಸವನ್ನು ಸ್ವಂತ ಕೈಯಿಂದ ಮಾಡಲು ಹೋಗಬೇಡಿ, ಅವುಗಳ ವೈರಿಂಗಿಗೆ ಪ್ರತ್ಯೇಕ ಸುರಕ್ಷತಾ ನಿಯಮಗಳಿವೆ.

ಯಾರಿಗೆ ಯಾವುದು

ಒಂದೆರಡು ಉಪಕರಣ ಮಾತ್ರ ಎಂದು ಖಚಿತವಿರುವವರಿಗೆ ಬಿಡಿ ಹಾರ್ನೆಸ್ ಸಾಕು. ಮೂರರಿಂದ ಆರು ಉಪಕರಣ, ಪೆಟ್ಟಿಗೆಗೆ ಕ್ಯಾಬಿನ್ನಿನೊಳಗೆ ಒಣ ಜಾಗ, ಕೈಯಲ್ಲಿ ಸಾಧಾರಣ ಉಪಕರಣಗಳು ಇರುವವರು ಫ್ಯೂಸ್ ಬ್ಲಾಕ್ ಮತ್ತು ಬೇರೆ ಸಾಕೆಟ್ಟುಗಳನ್ನು ಆರಿಸಲಿ. ಪೆಟ್ಟಿಗೆ ಬಾನೆಟ್ ಕೆಳಗೆ ಅಥವಾ ಹೊರಗೆ ಇರಬೇಕಾದರೆ ಮುಚ್ಚಿದ ಪೆಟ್ಟಿಗೆಯನ್ನು ಬಿಟ್ಟು ಬೇರೆ ದಾರಿ ಇಲ್ಲ. ಅದರ ಜೊತೆಗೆ ಸರಿಯಾದ ಕ್ರಿಂಪರನ್ನೂ ಪೆಟ್ಟಿಗೆಯ ಒಂದು ಭಾಗವೆಂದೇ ಎಣಿಸಿ ತರಬೇಕು, ಎರಡನ್ನೂ ತರಲಾಗದಿದ್ದರೆ ಸದ್ಯಕ್ಕೆ ಕ್ಯಾಬಿನ್ನಿನೊಳಗಿನ ಬ್ಲಾಕಿಗೇ ನಿಲ್ಲಿ. ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ಚುಗಳಿಗೆ ಜಾಗವೇ ಇಲ್ಲದಿರುವವರು, ದೀಪಗಳು ತುಂಬ ಇರುವವರು ಎಲೆಕ್ಟ್ರಾನಿಕ್ ಮಾಡ್ಯೂಲನ್ನು ಪರಿಗಣಿಸಬಹುದು. ಬಿಡಿ ಭಾಗ ಸಿಗದ ದಾರಿಗಳಲ್ಲಿ ಓಡಾಡುವವರು ಮುಂದಿನ ಎರಡು ಸ್ಪಾಟ್ ಲೈಟುಗಳನ್ನಾದರೂ ಹಳೆಯ ರಿಲೇಯ ಮೇಲೆಯೇ ಉಳಿಸಿಕೊಳ್ಳಲಿ ಎಂಬುದು ನನ್ನ ಕಳಕಳಿಯ ಮಾತು.

ಕೆಲಸ ಮುಗಿದ ಮೇಲೆ ಅರ್ಧ ಗಂಟೆಯನ್ನು ಪರೀಕ್ಷೆಗೆ ಎತ್ತಿಡಿ. ಕೆಲಸ ಆರಂಭಿಸುವಾಗ ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಬಿಚ್ಚಿ, ಎಲ್ಲ ಜೋಡಿಸಿದ ಮೇಲೆ ಕೊನೆಗೆ ಸೇರಿಸುವುದು ಮೊದಲ ನಿಯಮ. ನಂತರ ಪ್ರತಿ ಉಪಕರಣವನ್ನೂ ಆನ್ ಮಾಡಿ, ಮಲ್ಟಿಮೀಟರನ್ನು ಮಿಲಿವೋಲ್ಟ್ ಮಟ್ಟಕ್ಕೆ ತಿರುಗಿಸಿ, ಒಂದು ಕಡ್ಡಿಯನ್ನು ಜೋಡಣೆಯ ಈಚೆಗೂ ಇನ್ನೊಂದನ್ನು ಆಚೆಗೂ ಇಡಿ. ಒಳ್ಳೆಯ ಕ್ರಿಂಪಿನಲ್ಲಿ ಕೆಲವೇ ಮಿಲಿವೋಲ್ಟ್ ಕಾಣುತ್ತದೆ. ಪೂರ್ಣ ಹೊರೆಯಲ್ಲಿರುವ ಫ್ಯೂಸಿನ ಎರಡು ತುದಿಗಳ ನಡುವೆ ನೂರು ಮಿಲಿವೋಲ್ಟಿನ ಆಸುಪಾಸು ಕಂಡರೆ ಗಾಬರಿ ಬೇಡ, ಅದು ಫ್ಯೂಸಿನ ಸ್ವಂತ ರೋಧ. ನನ್ನ ಸುಟ್ಟ ಸಾಕೆಟ್ಟನ್ನು ಅಂದು ಹೀಗೆ ಅಳೆದಿದ್ದರೆ ಮೀಟರ್ 600 ಮಿಲಿವೋಲ್ಟ್ ತೋರಿಸುತ್ತಿತ್ತು. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಸ್ಟಡ್‌ಗಳನ್ನೂ ಇನ್ನೊಮ್ಮೆ ಬಿಗಿಯಾಗಿವೆಯೇ ನೋಡಿ, ದೊಡ್ಡ ಹೊರೆಗಳನ್ನು ಹತ್ತು ನಿಮಿಷ ಓಡಿಸಿ ಪ್ರತಿ ವೈರಿನ ತುದಿಯನ್ನೂ ಬೆರಳಿಂದ ಮುಟ್ಟಿ. ಮುಚ್ಚಳದ ಒಳಬದಿಗೆ ಯಾವ ಫ್ಯೂಸ್ ಯಾವುದರದು, ಎಷ್ಟು ಆಂಪಿಯರ್, ವೈರಿನ ಬಣ್ಣ ಯಾವುದು ಎಂದು ಅಳಿಸದ ಶಾಯಿಯಲ್ಲಿ ಬರೆದು ಅಂಟಿಸಿ, ಆ ಮುಚ್ಚಳದ ಫೋಟೋ ಒಂದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಪ್ರತಿ ಅಂಕಿಯ ಎರಡು ಫ್ಯೂಸ್ ಮತ್ತು ಒಂದು ರಿಲೇಯನ್ನು ಹೆಚ್ಚುವರಿಯಾಗಿ ಸಣ್ಣ ಚೀಲವೊಂದರಲ್ಲಿ ಹಾಕಿ ಪೆಟ್ಟಿಗೆಯ ಪಕ್ಕದಲ್ಲೇ ಕಟ್ಟಿಡಿ.